ಕೊಡೆಬಟ್ಟೆಯ ಮೇಲೆ ಬಿದ್ದ ಸೀಮೆಸುಣ್ಣ

ನನ್ನ ಸೀರೆಗಳಲ್ಲಿ ಸೀಮೆಸುಣ್ಣದ ಗುರುತಿಲ್ಲದ್ದು ಒಂದೂ ಇಲ್ಲ. ಮದುವೆಮನೆಗೆಂದು ಎತ್ತಿಟ್ಟ ರೇಷ್ಮೆ ಸೀರೆಯ ಸೆರಗಿನಲ್ಲೂ ನಾಲ್ಕು ಬೆರಳಿನ ಬಿಳಿ ಗುರುತಿದೆ. ಯಾವುದೋ ವಾರ್ಷಿಕೋತ್ಸವದ ದಿನ ಅದನ್ನು ಉಟ್ಟುಕೊಂಡು ಹೋಗಿ, ಕಾರ್ಯಕ್ರಮ ಶುರುವಾಗಲು ಇನ್ನೂ ಹೊತ್ತಿದೆಯಲ್ಲ ಎಂದು ಹತ್ತನೆಯ ತರಗತಿಗೆ ಒಂದು ಸಮೀಕರಣ ಬಿಡಿಸಿ ತೋರಿಸಿದ್ದರ ಫಲ ಅದು. ಕಾಪುವಿನ ಕಡಲಿನಿಂದ ಕೂಗಳತೆ ದೂರದ ಹೈಸ್ಕೂಲೊಂದರಲ್ಲಿ ಇಪ್ಪತ್ತೇಳು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ನನ್ನ ಕೋಪದ ಬಗ್ಗೆ ಊರಿನಲ್ಲಿ ಮಾತಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಹುಟ್ಟಿ ಬೆಳೆದದ್ದು ಕಾರ್ಕಳದಲ್ಲಿ. ಅಲ್ಲಿ ಕರಿಕಲ್ಲಿಗೆ ಬರವಿಲ್ಲ. ಮನೆಯ ಮೆಟ್ಟಿಲು, ಬಾವಿಕಟ್ಟೆ, ಬಟ್ಟೆ ಒಗೆಯುವ ಕಲ್ಲು ಎಲ್ಲವೂ ಕಪ್ಪು. ಶಾಲೆಯ ಕರಿಹಲಗೆಯನ್ನು ಮಾತ್ರ ನಾವೇ ಕಪ್ಪು ಮಾಡಬೇಕಿತ್ತು. ಶನಿವಾರ ಶಾಲೆ ಬಿಡುವ ಮೊದಲು, ಸರದಿ ಬಂದ ಇಬ್ಬರು ಮನೆಯಿಂದ ತಂದ ಇದ್ದಿಲನ್ನು ಪುಡಿ ಮಾಡಿ, ಬೇಲಿಯಿಂದ ತೊಂಡೆ ಎಲೆ ಕೊಯ್ದು, ಎರಡನ್ನೂ ಸೇರಿಸಿ ಹಲಗೆಗೆ ಉಜ್ಜುತ್ತಿದ್ದೆವು. ಮೊಣಕೈ ತನಕ ಕಪ್ಪು, ಹಸಿರು. ಸೋಮವಾರ ಬೆಳಿಗ್ಗೆ ಆ ಹೊಸ ಕಪ್ಪಿನ ಮೇಲೆ ಮೇಷ್ಟರು ಮೊದಲ ಅಕ್ಷರ ಬರೆಯುವಾಗ ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಟೀಚರಾಗಬೇಕು ಅನಿಸಿದ್ದು ಅಲ್ಲಿಯೇ ಇರಬೇಕು. ಕಪ್ಪು ಎಲ್ಲಿಂದ ಬರುತ್ತದೆಂದು ನನಗೆ ಅಂದೇ ಗೊತ್ತಿತ್ತು. ಬಿಳಿ ಎಲ್ಲಿಂದ ಬರುತ್ತದೆಂದು ಮಾತ್ರ ಐವತ್ತು ದಾಟುವ ತನಕ ಕೇಳಿಕೊಂಡಿರಲಿಲ್ಲ.

ಈ ಸಲ ಜೂನಿನಲ್ಲಿ ಕೆಮ್ಮು ಶುರುವಾಯಿತು. ಮಳೆಗಾಲದ ಕೆಮ್ಮು, ಹೋಗುತ್ತದೆ ಎಂದು ಕಷಾಯ ಕುಡಿದೆ. ಹೋಗಲಿಲ್ಲ. ಜುಲೈ ಮುಗಿಯುವಾಗ ಒಂದು ವಾಕ್ಯ ಪೂರ್ತಿ ಮಾಡಲು ಎರಡು ಸಲ ನಿಲ್ಲಬೇಕಾಯಿತು. ಮಣಿಪಾಲದ ಡಾಕ್ಟರು ಎದೆಗೆ ಕೊಳವೆಯಿಟ್ಟು, ಬೆನ್ನಿಗೆ ಇಟ್ಟು, ಒಂದು ಯಂತ್ರದೊಳಗೆ ಊದಿಸಿ ನೋಡಿದರು. ಶ್ವಾಸನಾಳ ಕೆರಳಿದೆ, ಧೂಳಿನಿಂದ ದೂರವಿರಿ, ದಸರಾ ರಜೆಯಲ್ಲಿ ಮತ್ತೊಮ್ಮೆ ಬನ್ನಿ, ಆಗಲೂ ಹೀಗೇ ಇದ್ದರೆ ಬೋರ್ಡು ಬಿಡುವುದೇ ಒಳ್ಳೆಯದು ಎಂದರು. ಅದನ್ನು ನಾನು ಹೆಡ್‌ಮಾಸ್ಟರಿಗೆ ಹೇಳಬಾರದಿತ್ತು. ಒಳ್ಳೆಯ ಮನುಷ್ಯ, ನನಗಿಂತ ಹತ್ತು ವರ್ಷ ಚಿಕ್ಕವರು. "ಟೀಚರ್, ನೀವು ಯಾಕೆ ಕಷ್ಟಪಡಬೇಕು? ದಸರಾ ಆದ ಮೇಲೆ ಆಫೀಸಿನ ಕೆಲಸ ನೋಡ್ಕೊಳ್ಳಿ. ಪಾಠಕ್ಕೆ ಬೇರೆಯವರನ್ನು ನೋಡುವ," ಎಂದರು. ಪ್ರೀತಿಯಿಂದಲೇ ಹೇಳಿದ್ದು. ನನಗೆ ಕೆನ್ನೆಗೆ ಹೊಡೆದಂತಾಯಿತು. ನಿವೃತ್ತಿಗೆ ಇನ್ನೂ ಮೂರು ವರ್ಷವಿದೆ. ಆ ಮೂರು ವರ್ಷವನ್ನು ಫೈಲುಗಳ ಮುಂದೆ ಕಳೆಯುವುದೆಂದರೆ ನನಗೆ ಆಗದ ಮಾತು.

ಯಾರ ಮೇಲಾದರೂ ಕೋಪ ತೀರಿಸಿಕೊಳ್ಳಬೇಕಲ್ಲ? ನಮ್ಮ ಶಾಲೆಗೆ ಸೀಮೆಸುಣ್ಣ ಬರುವುದು ಶಂಕರಪುರದ ಒಬ್ಬ ಹೆಂಗಸಿನ ಮನೆಯಿಂದ. ಮಲ್ಲಿಗೆ ಗಿಡಗಳ ನಡುವಿನ ಮನೆ, ಮನೆಯಲ್ಲೇ ಕೈಯಿಂದ ಎರೆದ ಸೀಮೆಸುಣ್ಣ. ಕೈಯಲ್ಲಿ ಮಾಡಿದ್ದು, ಅದಕ್ಕೇ ಇಷ್ಟು ಧೂಳು ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಒಂದು ಶನಿವಾರ ಮಧ್ಯಾಹ್ನ ರೇನ್‌ಕೋಟು ಹಾಕಿಕೊಂಡು ಸ್ಕೂಟರ್ ಹತ್ತಿದೆ. ಕಟಪಾಡಿ ದಾಟುವಷ್ಟರಲ್ಲಿ ಆಡಬೇಕಾದ ಮಾತೆಲ್ಲ ಬಾಯಿಪಾಠವಾಗಿತ್ತು.

ಅವರು ವರಾಂಡದಲ್ಲಿ ಕೂತಿದ್ದರು. ಅರವತ್ತರ ಹತ್ತಿರದ, ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸು. ತೋಳಿನ ತನಕ ಬಿಳಿ ಹಿಟ್ಟು, ಮುಡಿಯಲ್ಲಿ ಒಂದು ತುಂಡು ಮಲ್ಲಿಗೆ. ನಾನು ಮೆಟ್ಟಿಲಲ್ಲೇ ನಿಂತು, "ನಿಮ್ಮ ಚಾಕ್‌ನಿಂದ ನನ್ನ ಎದೆ ಹಾಳಾಯ್ತು," ಎಂದೆ. ಅವರು ತಲೆ ಎತ್ತಲಿಲ್ಲ.

"ಎರಡು ನಿಮಿಷ ನಿಲ್ಲಿ ಟೀಚರ್. ಇದು ಕಾಯುವುದಿಲ್ಲ."

ನನ್ನನ್ನು ಹೀಗೆ ನಿಲ್ಲಿಸಿದವರು ಕಡಿಮೆ. ನಿಂತೆ. ಅವರ ಮುಂದೆ ಒಂದು ಬಕೆಟಿನಲ್ಲಿ ಗಂಜಿಯಷ್ಟು ತೆಳ್ಳಗಿನ ಬಿಳಿ ದ್ರಾವಣ. ಪಕ್ಕದಲ್ಲಿ ಸಾಲು ಸಾಲು ತೂತುಗಳಿರುವ ಲೋಹದ ಅಚ್ಚು. ತೆಂಗಿನೆಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅಚ್ಚನ್ನು ಒಮ್ಮೆ ಒರೆಸಿ, ಮತ್ತೊಂದು ಒಣಬಟ್ಟೆಯಿಂದ ಆ ಎಣ್ಣೆಯನ್ನೇ ಒರೆಸಿ ತೆಗೆದರು. ಎಣ್ಣೆ ಹೆಚ್ಚಾದರೆ ಸೀಮೆಸುಣ್ಣ ಬೋರ್ಡಿನ ಮೇಲೆ ಜಾರುತ್ತದೆ, ಬರೆಯುವುದಿಲ್ಲ. ಕಡಿಮೆಯಾದರೆ ಅಚ್ಚಿನಿಂದ ಬಿಟ್ಟು ಬರುವುದಿಲ್ಲ. ಹಾಗೆಂದು ಆಮೇಲೆ ಹೇಳಿದರು. ದ್ರಾವಣ ಸುರಿದರು, ಅಚ್ಚಿನ ಬದಿಗೆ ಬೆರಳ ಗಂಟಿನಿಂದ ಏಳೆಂಟು ಸಲ ತಟ್ಟಿ ಒಳಗಿನ ಗಾಳಿ ಬಿಡಿಸಿದರು, ಮೇಲೆ ಉಕ್ಕಿದ್ದನ್ನು ಒಂದು ಪಟ್ಟಿಯಿಂದ ಒಂದೇ ಎಳೆತಕ್ಕೆ ಕೆರೆದರು. ಆತುರವೂ ಇಲ್ಲ, ವಿಳಂಬವೂ ಇಲ್ಲ. ಬಕೆಟಿನ ತಳದಲ್ಲಿ ಉಳಿದ ಚೂರು ದ್ರಾವಣ ನಾನು ನೋಡುತ್ತಿದ್ದಂತೆ ಗಟ್ಟಿಯಾಯಿತು. ಎಷ್ಟು ಕೋಪವಿದ್ದರೂ ಒಳ್ಳೆಯ ಕೈಕೆಲಸ ಕಂಡರೆ ನಾನು ಕರಗುತ್ತೇನೆ. ಅದು ನನ್ನ ದೌರ್ಬಲ್ಯ.

"ಈಗ ಮುಟ್ಟಿ ನೋಡಿ," ಎಂದರು.

ಅಚ್ಚು ಬೆಚ್ಚಗಿತ್ತು. ಬೆಂಕಿಯಿಲ್ಲ, ಬಿಸಿಲಿಲ್ಲ, ಹೊರಗೆ ಧೋ ಎಂದು ಮಳೆ. ಆದರೂ ಜ್ವರ ಬಂದ ಮಗುವಿನ ಹಣೆಯಷ್ಟು ಬೆಚ್ಚಗೆ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬ ಆ ಪುಡಿ ತನ್ನೊಳಗೆ ಅರ್ಧ ಪಾಲು ನೀರನ್ನಷ್ಟೇ ಇಟ್ಟುಕೊಂಡಿರುತ್ತದೆ. ನೀರು ಸಿಕ್ಕಿದೊಡನೆ ತನ್ನ ಪಾಲನ್ನು ಪೂರ್ತಿ ಎಳೆದುಕೊಂಡು, ಬಿಸಿ ಹೊರಗೆ ಬಿಟ್ಟು, ಜಿಪ್ಸಂ ಆಗಿ ಗಟ್ಟಿಯಾಗುತ್ತದೆ. ಇಪ್ಪತ್ತೇಳು ವರ್ಷ ನಾನು ಇದನ್ನು ಬೋರ್ಡಿನ ಮೇಲೆ ಬರೆದಿದ್ದೇನೆ, ಎರಡೂ ಕಡೆ ಪರಮಾಣುಗಳನ್ನು ಸರಿದೂಗಿಸಿದ್ದೇನೆ. ಅಂಗೈಯಲ್ಲಿ ಮುಟ್ಟಿದ್ದು ಅವತ್ತೇ ಮೊದಲು. ಬಹಳ ಸಂತೋಷವಾಯಿತು. ಆ ಸಂತೋಷವನ್ನು ತೋರಿಸಿಕೊಳ್ಳಬಾರದೆಂದು ಮುಖ ಗಂಟಿಕ್ಕಿಕೊಂಡು, "ಅದಿರಲಿ, ಕ್ಯಾಲ್ಸಿಯಂ ಕಾರ್ಬೊನೇಟಿನ ಧೂಳು ಎದೆಗೆ ಹೋದರೆ ಏನಾಗ್ತದೆ ಗೊತ್ತುಂಟಾ?" ಎಂದು ಕೇಳಿದೆ.

ಅವರು ಕಣ್ಣರಳಿಸಿದರು. "ಕಾರ್ಬೊನೇಟ್ ಅಂತ ಯಾರು ಹೇಳಿದ್ದು?"

"ನಾನು ಹೇಳ್ತಿದ್ದೇನಲ್ಲ. ವಿಜ್ಞಾನದ ಟೀಚರ್."

ಅವರು ಒಳಗೆ ಹೋಗಿ, ಅಡುಗೆಮನೆಯಿಂದ ವಿನೆಗರ್ ಬಾಟಲಿ, ಎರಡು ಲೋಟ ಮತ್ತು ಒಂದು ಮರುವಾಯಿ ಚಿಪ್ಪು ತಂದರು. ಕೆಮ್ಮಣ್ಣು ಎಂಬ ಊರಿನ ಹಿನ್ನೀರಿನ ಕಪ್ಪೆಚಿಪ್ಪು, ಹಿಂದಿನ ದಿನದ ಸಾರಿನದು. ಚಿಪ್ಪಿನ ಮೇಲೆ ವಿನೆಗರ್ ಹಾಕಿದಾಗ ಮೈತುಂಬ ಸಣ್ಣ ಗುಳ್ಳೆ ಕಟ್ಟಿಕೊಂಡು ಏಳತೊಡಗಿತು. ಚಿಪ್ಪು ಕಾರ್ಬೊನೇಟ್, ಸರಿ. ಆಮೇಲೆ ಒಣಗಿದ ಸೀಮೆಸುಣ್ಣವನ್ನು ವಿನೆಗರಿನ ಲೋಟಕ್ಕೆ ಹಾಕಿದರು. ಅದರಿಂದಲೂ ನಾಲ್ಕು ಗುಳ್ಳೆ ಎದ್ದವು.

"ನೋಡಿ!" ಎಂದೆ. ನನ್ನ ಧ್ವನಿಯಲ್ಲಿ ಗೆಲುವಿತ್ತು.

ಅವರು ಇನ್ನೊಂದು ಸೀಮೆಸುಣ್ಣವನ್ನು ಬರೀ ಬಾವಿ ನೀರಿನ ಲೋಟಕ್ಕೆ ಹಾಕಿದರು. ಅದರಿಂದಲೂ ಅಷ್ಟೇ ಗುಳ್ಳೆ. ಕಡ್ಡಿಯೊಳಗೆ ಸಿಕ್ಕಿಕೊಂಡಿದ್ದ ಗಾಳಿ ಹೊರಟುಹೋಗಿ ಎರಡೂ ಲೋಟಗಳು ಸುಮ್ಮನಾದವು. ಚಿಪ್ಪು ಮಾತ್ರ ಇನ್ನೂ ಸಣ್ಣಗೆ ಗುಳ್ಳೆ ಬಿಡುತ್ತಲೇ ಇತ್ತು.

"ಅಚ್ಚು ತೊಳೆಯುವಾಗ ಗೊತ್ತಾದದ್ದು," ಎಂದರು. "ಅಂಟಿದ ಚಾಕ್ ವಿನೆಗರಿಗೆ ಬಿಡುವುದೇ ಇಲ್ಲ. ಪೇಟೆಯಲ್ಲಿ ಸಿಗುವ ಧೂಳಿಲ್ಲದ ಚಾಕ್ ಉಂಟಲ್ಲ, ಅದು ಚಿಪ್ಪಿನ ಜಾತಿ. ನಂದು ಬೇರೆ."

ಹೀಗೆ ಶಂಕರಪುರದ ವರಾಂಡದಲ್ಲಿ, ಮೀನುಸಾರಿಗೆ ಇಟ್ಟ ವಿನೆಗರಿನಿಂದ ನನಗೆ ಪಾಠವಾಯಿತು. ಪಠ್ಯಪುಸ್ತಕದ ತಪ್ಪೇನಿಲ್ಲ. ಪುಸ್ತಕ ಹೇಳುವುದು ನೆಲದಲ್ಲಿ ಸಿಗುವ ಮೆದುವಾದ ಬಿಳಿಕಲ್ಲಿನ ಬಗ್ಗೆ; ಕಣ್ಣಿಗೆ ಕಾಣದ ಕಡಲಜೀವಿಗಳ ಚಿಪ್ಪು ಯುಗಯುಗ ತಳದಲ್ಲಿ ಕೂತು ಆದ ಕಲ್ಲು. ಆ ಸಾಲು ಬಂದಾಗಲೆಲ್ಲ ಕೈಯಲ್ಲಿದ್ದ ಕಡ್ಡಿಯನ್ನು ಎತ್ತಿ, "ಇದೇ ನೋಡಿ" ಎಂದು ತೋರಿಸುತ್ತಿದ್ದವಳು ನಾನು. ಪ್ರತಿ ವರ್ಷವೂ ಅದರ ಮುಂದಿನ ವಾರವೇ ಪ್ಲಾಸ್ಟರ್ ಆಫ್ ಪ್ಯಾರಿಸ್ ಪಾಠ. ಜಿಪ್ಸಂ ಎಂದರೇನು ಎಂದು ಜಿಪ್ಸಂನಿಂದಲೇ ಬರೆಯುತ್ತಿದ್ದೆ. ಒಂದು ದಿನವೂ ಎರಡನ್ನೂ ಕೂಡಿಸಿ ನೋಡಿರಲಿಲ್ಲ. ಇಪ್ಪತ್ತೇಳು ಬ್ಯಾಚು! ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅವರಿಗೆ ಅದು ಕಂಡಿರಬೇಕು. ಚಹಾ ತಂದಿಟ್ಟು ತಮ್ಮದೊಂದು ಕತೆ ಹೇಳಿದರು. ಶುರು ಮಾಡಿದ ಮೊದಲ ಮಳೆಗಾಲದಲ್ಲಿ ಸೀಮೆಸುಣ್ಣ ಒಣಗುವುದೇ ಇಲ್ಲ. ಅಟ್ಟದಲ್ಲಿಟ್ಟರೂ ಒದ್ದೆ, ಒಲೆಯ ಮೇಲೆ ತೂಗುಹಾಕಿದರೂ ಒದ್ದೆ. ಶಾಲೆಗಳೆಲ್ಲ ಕೇಳುತ್ತಿವೆ. ಹತ್ತಿರದ ಬೇಕರಿಯವರ ಒಲೆಯಲ್ಲಿ ಬ್ರೆಡ್ಡು ತೆಗೆದ ಮೇಲೆ ಇಡುತ್ತೇನೆಂದು ಬೇಡಿಕೊಂಡರಂತೆ. ಒಲೆ ಇನ್ನೂ ಕೆಂಡದಂತಿತ್ತು. ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಕಡ್ಡಿ ಕಡ್ಡಿಯ ಹಾಗೇ ಇದೆ, ಬೆರಳು ತಾಗಿದೊಡನೆ ಪುಡಿ.

"ಕೂತು ಅತ್ತೆ ಮಾರಾಯ್ತಿ. ಅತ್ತು ಆದ ಮೇಲೆ ಆ ಪುಡಿಯನ್ನು ಅರೆದು ನೀರು ಹಾಕಿ ನೋಡಿದೆ. ಪುನಃ ಬಿಸಿ ಆಯ್ತು, ಪುನಃ ಗಟ್ಟಿ ಆಯ್ತು. ಹೋದ ನೀರು ವಾಪಸ್ ಕೊಟ್ರೆ ಅದಕ್ಕೆ ಎಂತದೂ ಸಿಟ್ಟಿಲ್ಲ."

ಹೇಳಿ ಮನಸಾರೆ ನಕ್ಕರು. ಮಾಡಿದ ತಪ್ಪನ್ನು ಇಷ್ಟು ಹಗುರವಾಗಿ ಹೇಳಿಕೊಳ್ಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಟೀಚರುಗಳಿಗೆ ಅದು ಸುಲಭದಲ್ಲಿ ಬರುವುದಿಲ್ಲ. ಆ ಸಂಜೆಯೇ ಅವರ ಮೇಲೆ ಗೌರವ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಸೋತು ಹಿಂತಿರುಗುವುದು ನನ್ನ ಜಾಯಮಾನವಲ್ಲ. ಜಿಪ್ಸಂ ಆದರೇನು, ಧೂಳು ಧೂಳೇ ಅಲ್ವಾ ಎಂದು ಕೇಳಿದೆ.

"ಹೌದು. ಆದ್ರೆ ನನ್ನ ಚಾಕ್‌ನ ಧೂಳು ಭಾರ. ಬರೆಯುವಾಗ ನೇರ ಕೆಳಗೆ ಬೀಳ್ತದೆ. ನಿಮ್ಮ ಮೂಗಿಗೆ ಹೇಗೆ ಹತ್ತಿತು ಅಂತ ನನಗೆ ಗೊತ್ತಾಗುವುದಿಲ್ಲ."

"ತೋರಿಸ್ತೇನೆ," ಎಂದೆ. "ಸೋಮವಾರ ಶಾಲೆಗೆ ಬನ್ನಿ. ನಿಮ್ಮ ಕಣ್ಣೆದುರೇ ಸಾಬೀತು ಮಾಡ್ತೇನೆ."

ಆ ಸೋಮವಾರಕ್ಕೆ ನಾನು ಪ್ರಯೋಗ ಸಿದ್ಧಮಾಡಿದ್ದೆ. ನಮ್ಮೂರಿನ ಯಾವ ಮನೆಯಲ್ಲಾದರೂ ಮುರಿದ ಕೊಡೆ ಇರುತ್ತದೆ. ನಮ್ಮಲ್ಲಿ ಮೂರಿದ್ದವು. ಕಪ್ಪು ಬಟ್ಟೆ ಬಿಚ್ಚಿ, ನಾಲ್ಕು ತುಂಡು ಮಾಡಿ, ಇಸ್ತ್ರಿ ಹಾಕಿದೆ. ಒಂದು ಬೋರ್ಡಿನ ಕೆಳಗೆ ನೆಲದ ಮೇಲೆ, ಒಂದು ನನ್ನ ಮೇಜಿನ ಮೇಲೆ, ಒಂದು ಮೊದಲ ಬೆಂಚಿನ ಎಡತುದಿಯಲ್ಲಿ, ಒಂದು ಕಿಟಕಿಯ ಹತ್ತಿರ. ಮೊದಲ ಬೆಂಚಿನ ಆ ಜಾಗ ಜೂನಿನಿಂದ ಖಾಲಿಯಿತ್ತು. ಅಲ್ಲಿ ಕೂರುತ್ತಿದ್ದ ಹುಡುಗಿ, ತರಗತಿಯಲ್ಲೇ ಚುರುಕಾದವಳು, ಒಂದು ದಿನ ಚೀಲ ಎತ್ತಿಕೊಂಡು ಕೊನೆಯ ಬೆಂಚಿಗೆ ಹೋಗಿದ್ದಳು. "ಎಂತ, ನಿನಗೆ ಅಲ್ಲಿಂದ ಸಮುದ್ರ ಕಾಣ್ತದಾ?" ಎಂದು ನಾನು ಎಲ್ಲರೆದುರು ಗೇಲಿ ಮಾಡಿದ್ದೆ. ಅವಳು ತಲೆ ತಗ್ಗಿಸಿದ್ದಳು. ಈಗ ಸೀಮೆಸುಣ್ಣದ ಹೆಂಗಸು ಹೋಗಿ ಅವಳ ಪಕ್ಕದಲ್ಲೇ ಕೂತರು.

ಪಾಠ ಶುರುವಾಯಿತು. ಕೊನೆಯ ಬೆಂಚಿನಲ್ಲಿ ಮಲ್ಲಿಗೆ ಮುಡಿದ ಹೊಸಬರು ಕೂತಿದ್ದರೆ ಮಕ್ಕಳಿಗೆ ಪಾಠ ಹತ್ತುತ್ತದೆಯೆ? ಪಿಸುಮಾತು, ನಗು. ನಾನು ಬೋರ್ಡು ತುಂಬ ಬರೆದೆ, ಒರೆಸಿದೆ, ಮತ್ತೆ ಬರೆದೆ. ಬೇಕೆಂದೇ ಹೆಚ್ಚು ಬರೆದೆ. ಮೂರು ಸಲ ತರಗತಿಯನ್ನು ಸುಮ್ಮನಾಗಿಸಿದೆ. ಗಂಟೆ ಹೊಡೆದಾಗ ನಾಲ್ಕೂ ಬಟ್ಟೆಗಳನ್ನು ಜೋಪಾನವಾಗಿ ತಂದು ಮೇಜಿನ ಮೇಲೆ ಸಾಲಾಗಿ ಹಾಸಿದೆ.

ಬೋರ್ಡಿನ ಕೆಳಗಿನ ಬಟ್ಟೆಯಲ್ಲಿ ದಪ್ಪ ಹರಳುಗಳು, ರವೆಯಂತೆ. ಕಿಟಕಿಯದರಲ್ಲಿ ಏನೂ ಇಲ್ಲ. ಮೇಜಿನ ಬಟ್ಟೆಯ ಮೇಲೆ ಮತ್ತು ಮೊದಲ ಬೆಂಚಿನ ಬಟ್ಟೆಯ ಮೇಲೆ ಮಾತ್ರ ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯವಾದ ಬಿಳಿ, ಒಂದೇ ಸಮ. ನನಗೆ ಅರ್ಥವಾಗಲಿಲ್ಲ. ಬೋರ್ಡು ಇರುವುದು ಅಷ್ಟು ದೂರ. ಭಾರದ ಧೂಳು ಅಲ್ಲೇ ಬಿದ್ದಿದೆ. ಇಲ್ಲಿಗೆ ಇಷ್ಟು ನಯವಾದದ್ದು ಎಲ್ಲಿಂದ ಬಂತು?

"ಹೇಳಿ ನೋಡುವ, ಎಲ್ಲಿಂದ?" ಎಂದು ಮಕ್ಕಳನ್ನು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೊತ್ತಿದ್ದೂ ಹೇಳದವರ ಮುಖ ನನಗೆ ಚೆನ್ನಾಗಿ ಪರಿಚಯ. ಕೋಪ ನೆತ್ತಿಗೇರಿತು. ಇಪ್ಪತ್ತೇಳು ವರ್ಷದ ಅಭ್ಯಾಸದಂತೆ ಕೈ ತಾನಾಗಿ ಡಸ್ಟರ್ ಎತ್ತಿ ಮೇಜಿನ ಮೇಲೆ ಧಪ್ಪೆಂದು ಬಡಿಯಿತು.

"ಮಾತಾಡಿ!"

ಡಸ್ಟರಿನಿಂದ ಬಿಳಿ ಮೋಡ ಎದ್ದಿತು. ಕೊಡೆಬಟ್ಟೆಯ ಕಪ್ಪಿನ ಎದುರು ಅದು ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, ನಾನು ಕೂಗಿದ ಬಾಯಿಯನ್ನು ಹಾಗೇ ತೆರೆದುಕೊಂಡು ನಿಂತುಬಿಟ್ಟೆ. ಅರ್ಧ ನನ್ನ ಮುಖದ ಕಡೆ ಬಂತು. ಉಳಿದರ್ಧ ಫ್ಯಾನಿನ ಗಾಳಿಗೆ ಸಿಕ್ಕಿ ಮೊದಲ ಬೆಂಚಿನ ಎಡತುದಿಯ ಕಡೆ ತೇಲಿಹೋಗಿ, ನಿಧಾನವಾಗಿ ಇಳಿಯಿತು. ನನಗೆ ಕೆಮ್ಮು ಬಂತು. ಬಗ್ಗಿ, ಮೇಜು ಹಿಡಿದುಕೊಂಡು ಕೆಮ್ಮಿದೆ.

ಕೆಮ್ಮು ನಿಂತಾಗ ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತಿದ್ದಳು.

"ಅಲ್ಲಿಗೇ ಬೀಳ್ತದೆ ಟೀಚರ್. ನನಗೆ ಮಳೆಗಾಲದಲ್ಲಿ ಉಬ್ಬಸ ಉಂಟು. ಅದಕ್ಕೆ ಹಿಂದೆ ಹೋದದ್ದು."

"ನನಗೆ ಯಾಕೆ ಹೇಳಲಿಲ್ಲ?"

ಅವಳು ಡಸ್ಟರನ್ನು ನೋಡಿದಳು, ಅಷ್ಟೆ. ನನಗೆ ಹೇಳಲು ಯಾರಿಗೆ ತಾನೆ ಧೈರ್ಯವಿತ್ತು?

ಗೇಟಿನ ತನಕ ಸೀಮೆಸುಣ್ಣದ ಹೆಂಗಸಿನ ಜೊತೆ ನಡೆದೆ. ಅವರು ನನ್ನನ್ನು ಹಂಗಿಸಬಹುದಿತ್ತು. ನಾನಾಗಿದ್ದರೆ ಖಂಡಿತ ಹಂಗಿಸುತ್ತಿದ್ದೆ. ಅವರು ಕೊಡೆ ಬಿಚ್ಚುತ್ತ, "ಬರೆದ ಧೂಳು ನೆಲಕ್ಕೆ ಹೋಗ್ತದೆ ಟೀಚರ್. ಒರೆಸಿದ್ದು ಡಸ್ಟರಲ್ಲಿ ಕೂತುಕೊಳ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಸಾಕು. ಜಿಪ್ಸಂಗೆ ನೀರು ಅಂದ್ರೆ ಇಷ್ಟ ಅಲ್ವಾ?" ಎಂದಷ್ಟೇ ಹೇಳಿದರು. ಆಮೇಲೆ ಚೀಲದಿಂದ ಆ ಮರುವಾಯಿ ಚಿಪ್ಪು ತೆಗೆದು ನನ್ನ ಕೈಯಲ್ಲಿಟ್ಟರು. ಮಕ್ಕಳಿಗೆ ತೋರಿಸಲಿಕ್ಕೆ, ವಿನೆಗರ್ ನಿಮ್ಮದೇ ಹಾಕ್ಕೊಳ್ಳಿ ಎಂದರು. ಅಂಥ ಮನಸ್ಸು ನನಗೆ ಇಲ್ಲವಲ್ಲ ಎಂದು ಅವತ್ತು ನಿಜವಾಗಿ ದುಃಖವಾಯಿತು.

ಮರುದಿನ ಹತ್ತನೆಯ ತರಗತಿಯಲ್ಲಿ ಎರಡು ತಪ್ಪು ಒಪ್ಪಿಕೊಂಡೆ. ನಮ್ಮ ಕೈಯಲ್ಲಿರುವ ಕಡ್ಡಿ ಜಿಪ್ಸಂ, ಪುಸ್ತಕದ ಬಿಳಿಕಲ್ಲು ಬೇರೆ ಎಂದು ಚಿಪ್ಪು, ವಿನೆಗರ್, ನೀರು ಇಟ್ಟು ತೋರಿಸಿದೆ. ಆ ಭಾಗ ಸುಲಭವಾಗಿತ್ತು. ಎರಡನೆಯದು ಡಸ್ಟರ್ ಬಡಿದದ್ದು; ಅದನ್ನು ಮೇಜು ನೋಡುತ್ತ ಹೇಳಿದೆ. ಮಕ್ಕಳನ್ನು ಸುಮ್ಮನಾಗಿಸಲು ನಮಗೆ ತಿಳಿದ ದಾರಿಯೇ ಅದು. ನನ್ನ ಟೀಚರುಗಳೂ ಮೇಜಿಗೆ ಡಸ್ಟರ್ ಬಡಿದವರೇ, ನನ್ನ ಸಹೋದ್ಯೋಗಿಗಳೂ ಬಡಿಯುವವರೇ. ಆದರೆ ನನ್ನಷ್ಟು ಬಡಿದವರು ಇರಲಿಕ್ಕಿಲ್ಲ. ಒಂದು ಪಿರಿಯಡಿಗೆ ಮೂರು ಸಲವೆಂದರೂ, ಇಪ್ಪತ್ತೇಳು ವರ್ಷ. ಅಷ್ಟು ಬಾರಿ ನಾನು ನನ್ನ ಕೋಪವನ್ನು ಪುಡಿ ಮಾಡಿ ನಾನೇ ಉಸಿರಾಡಿದ್ದೆ. ಅದು ನನ್ನ ಹಣೆಬರಹ ಅನ್ನಬಹುದು. ಮೊದಲ ಬೆಂಚಿನಲ್ಲಿ ಕೂತವರು ಏನು ಮಾಡಿದ್ದರು?

ಡಸ್ಟರನ್ನು ಬೀರುವಿಗೆ ಹಾಕಿ ಬೀಗ ಹಾಕಿದೆ. ಒದ್ದೆ ಬಟ್ಟೆ ಬಂತು. ಆದರೆ ಗಲಾಟೆಯನ್ನು ಒದ್ದೆ ಬಟ್ಟೆಯಿಂದ ಒರೆಸಲಾಗುವುದಿಲ್ಲ. ಮೊದಲ ವಾರ ತರಗತಿ ಸಂತೆಯಾಯಿತು. ನನ್ನ ಬಲಗೈ ಮೇಜಿನ ಮೇಲೆ ಡಸ್ಟರಿಗಾಗಿ ತಡಕಾಡುತ್ತಿತ್ತು. ಅಲ್ಲಿ ಚಿಪ್ಪು ಇಟ್ಟುಕೊಂಡೆ. ಕೈ ಅದರ ಮೇಲೆ ಹೋದಾಗ ಸುಮ್ಮನೆ ಹಿಡಿದುಕೊಂಡು ನಿಲ್ಲುತ್ತಿದ್ದೆ. ಮಾತಿಲ್ಲ, ಕಣ್ಣು ಕೆಕ್ಕರಿಸುವುದಿಲ್ಲ, ಬರೀ ನಿಲ್ಲುವುದು. ನನ್ನಂಥವಳಿಗೆ ಇದಕ್ಕಿಂತ ಕಷ್ಟದ ಕೆಲಸವಿಲ್ಲ. ಎರಡನೆಯ ವಾರದಿಂದ ಯಾರಾದರೊಬ್ಬರು ಉಳಿದವರಿಗೆ "ಶ್, ಟೀಚರ್ ನಿಂತಿದ್ದಾರೆ" ಅನ್ನತೊಡಗಿದರು.

ದಸರಾ ರಜೆಯಲ್ಲಿ ಮಣಿಪಾಲಕ್ಕೆ ಹೋದೆ. ಯಂತ್ರದೊಳಗೆ ಮತ್ತೆ ಊದಿದೆ. ಡಾಕ್ಟರು ಕಾಗದ ನೋಡಿ, ಹಿಂದಿನ ಕಾಗದ ನೋಡಿ, "ಏನು ಮಾಡಿದಿರಿ?" ಎಂದರು. ಡಸ್ಟರ್ ಬಡಿಯುವುದು ಬಿಟ್ಟೆ ಎಂದೆ. ಅವರು ನಕ್ಕರು, ತಮಾಷೆ ಎಂದುಕೊಂಡಿರಬೇಕು. ಬೋರ್ಡು ಬಿಡಬೇಕಾ ಎಂದು ಕೇಳಿದೆ. ಈಗಂತೂ ಬೇಡ ಎಂದರು. ಉಡುಪಿಗೆ ಬಂದು ಬಸ್ಸು ಬದಲಿಸುವ ನಡುವೆ, ಯಾರೂ ಪರಿಚಯದವರಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಅತ್ತೆ.

ರಜೆ ಮುಗಿದ ಮೊದಲ ದಿನ. ಹೊಸ ಡಬ್ಬಿ ಸೀಮೆಸುಣ್ಣ ಒಡೆದೆ, ಶಂಕರಪುರದ್ದು. ಒಂದೊಂದು ಕಡ್ಡಿಯ ತುದಿಯಲ್ಲೂ ಪಟ್ಟಿಯಿಂದ ಕೆರೆದ ಸಣ್ಣ ಗೆರೆ. ಅದು ಅವರ ಕೈಯ ಗುರುತು, ಈಗ ನನಗೆ ಕಣ್ಣಿಗೆ ಬೀಳುತ್ತದೆ. ರಜೆಯ ಸುದ್ದಿಗಳಿಂದ ತರಗತಿ ಗಿಜಿಗುಡುತ್ತಿತ್ತು. ಚಿಪ್ಪಿನ ಮೇಲೆ ಕೈಯಿಟ್ಟು ನಿಂತೆ. ನಿಧಾನವಾಗಿ ಸದ್ದು ಇಳಿಯಿತು. ಕೊನೆಯ ಬೆಂಚಿನಿಂದ ಆ ಹುಡುಗಿ ಚೀಲ ಎತ್ತಿಕೊಂಡು ಎದ್ದಳು. ನನ್ನನ್ನು ಕೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಮೊದಲ ಬೆಂಚಿನ ಎಡತುದಿಗೆ ಬಂದು, ಬೆಂಚಿನ ಮೇಲೆ ಒಂದು ಬೆರಳು ಎಳೆದು, ಬೆರಳ ತುದಿಯನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. ಆಮೇಲೆ ಕೂತಳು.